ದಾಖಲಾತಿ

ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ ಮತ್ತೆ ಕೇಳಿದರು:
ಮಗುವಿನ ಹೆಸರು?
ಲಿಬ್ರವಿಲ್, ಅಂದೆ.
ಪಕ್ಕದ ಟೀಚರು ಬಾಯಿಗೆ ಸೆರಗು ಒತ್ತಿಕೊಂಡರು.

ನಗಲಿ. ನಮ್ಮಲ್ಲಿ ಹಾಗೆಯೇ,
ಎದುರಿಗೆ ಸಿಕ್ಕಿದ್ದೇ ಹೆಸರು.
ಅಪ್ಪ ಮೊದಲ ಸಲ ಮನೆ ಕಂದಾಯ ಕಟ್ಟಿ
ನೀಲಿ ಕಾರ್ಬನ್ನಿನ ಚೀಟಿ ಹಿಡಿದು ಕ್ಯಾಂಪಿಗೆ ಬಂದ ದಿನ
ನಾನು ಹುಟ್ಟಿದ್ದು.
ಅದಕ್ಕೇ ರಸೀದಿ.
ಅದಕ್ಕೂ ಮುಂಚೆ ನಮ್ಮವರು
ಎಲ್ಲೂ ಏನೂ ಕಟ್ಟಿರಲಿಲ್ಲ, ಡೇರೆಯ ಹಗ್ಗದ ಹೊರತು.

ಕಾಡಿಗೆ ಬೇಲಿ ಬಿದ್ದ ಮೇಲೆ
ಹಕ್ಕಿ ಹಿಡಿಯುವ ಬಲೆ ಅಟ್ಟ ಸೇರಿತು,
ಒಲೆಯ ಮೇಲೆ ಬೇರಿನೆಣ್ಣೆಯ ಕಡಾಯಿ ಕೂತಿತು.
ಆದರೂ ಹೆಸರು ಹಕ್ಕಿಪಿಕ್ಕಿಯೇ.
ಇಟ್ಟವರು ನಾವಲ್ಲ.
ನಮ್ಮ ಬಾಯಲ್ಲಿ ನಾವು ವಾಗ್ರಿ;
ಗಾಂಧಿ ಬಜಾರಿನಲ್ಲಿ ಖಾಲಿ ಬಾಟಲಿ ಕೊಳ್ಳುವಾಗ
ಅಂಗಡಿಯವನಿಗೆ ಬರೀ ‘ಏಯ್’.

ಮುಚ್ಚಳಕ್ಕೆ ಮೇಣ ಸುತ್ತಿ, ಸೀರೆಗಳ ನಡುವೆ ಬಾಟಲಿ ಮಲಗಿಸಿ,
ವಿಮಾನದವರ ತಕ್ಕಡಿಗೆ ಮನಸ್ಸಲ್ಲೇ ಕೈಮುಗಿದು
ಗಂಡನ ಬೆನ್ನ ಹಿಂದೆ ಇಳಿದ ಊರು ಅದು.
ಬೊಂಜೂರ್ ಕಲಿತೆ. ಎಷ್ಟು ಅನ್ನೋಕೆ ಕೊಂಬ್ಯೆನ್ ಕಲಿತೆ.
ಉದುರಿದ ಕೂದಲಿನ ದುಃಖಕ್ಕೆ ಭಾಷೆ ಬೇಕಾಗಲಿಲ್ಲ.
ಅಲ್ಲಿ ಮೊದಲ ಬಾರಿಗೆ ಯಾರೋ
‘ಇಂಡಿಯಾದವಳು’ ಅಂದರು.
ನಾನು ಹಿಂದೆ ತಿರುಗಿ ನೋಡಿದೆ,
ಯಾರಿಗೆ ಹೇಳಿದರೋ ಅಂತ.

ಬಾಡಿಗೆ ಕೋಣೆಯ ಮಾಲೀಕಿ ಮದಾಮ್ ಎರ್ಮಿಲಿ,
ಹೈಟಿ ಎಂಬ ನಾಡಿನಿಂದ ಪಾಠ ಹೇಳೋಕೆ ಬಂದು
ಮುದುಕಿಯಾದವಳು.
ಕರೆಂಟು ಹೋದ ಒಂದು ರಾತ್ರಿ ಮೆಟ್ಟಿಲ ಬಳಿ
ಬಾಳೆಕಾಯಿ ಕರಿಯುತ್ತ ಹೇಳಿದಳು:
‘ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯನ್ನು
ಇದೇ ಕಡಲಿನ ಯಾವುದೋ ದಂಡೆಯಲ್ಲಿ
ಸರಪಳಿ ತೊಡಿಸಿ ಹಡಗಿಗೆ ತುಂಬಿದರು.
ಇಷ್ಟು ತಲೆಮಾರು ಬಿಟ್ಟು ನಾನು ವಾಪಸು ಬಂದೆ.
ಇಲ್ಲಿಯ ಮಕ್ಕಳು ಏನಂತಾರೆ ಗೊತ್ತಾ? ಪರದೇಶಿ.’
ನಕ್ಕಳು. ಎಣ್ಣೆ ಚಟಪಟ ಅಂತು.

ಧಣಿಗಳ ಮಾತಿನ ಒಡೆದ ಚೂರು ಆಯ್ದು
ಅದಕ್ಕೆ ತಮ್ಮ ಉಸಿರು ಬೆರೆಸಿ
ಅವರ ಕಡೆಯವರು ಹೊಸ ಭಾಷೆ ಹೊಸೆದರಂತೆ,
ಧಣಿಗೆ ತಿಳಿಯದ್ದು.
ನಿಮ್ಮದರಲ್ಲಿ ನೀರಿಗೆ ಏನು?
ಮನೆಯೊಳಗೆ ಪಾಣಿ, ಅಂದೆ. ಬೀದಿಗಿಳಿದರೆ ನೀರು.
ನಿಮ್ಮ ಸಂತೆಯಲ್ಲಿ ಓ.
ಬಾಯಾರಿದಾಗ ಮೊದಲು ಯಾವುದು ಬರತ್ತೆ?
ಸುಮ್ಮನೆ ಬಾಳೆಕಾಯಿ ಮಗುಚಿದೆ.

ಹೆರಿಗೆಯಲ್ಲಿ ಹಿಡಿದುಕೊಂಡ ಕೈ ಅವಳದ್ದೇ.
ಊರಿನ ಹೆಸರಿಗೆ ಬಿಡುಗಡೆಯ ಪಟ್ಟಣ ಅಂತ ಅರ್ಥವಂತೆ,
ಬೇಡಿ ಕಳಚಿದವರನ್ನು ತಂದಿಳಿಸಿದ ದಂಡೆಯಂತೆ.
ನನಗೆ ಅಷ್ಟೆಲ್ಲ ಅರ್ಥ ಬೇಕಿರಲಿಲ್ಲ.
ಎದುರಿಗೆ ಸಿಕ್ಕಿತು, ಇಟ್ಟೆ.

ವಾಪಸು ಬಂದ ವಾರ ತುಂಗೆಯ ನೀರು
ನಾಲಿಗೆಗೆ ಸಪ್ಪೆ ಅನಿಸಿತು.
ಕುಡಿದರೆ ತುಂಗೆಯದೇ ಕುಡಿಯಬೇಕು ಅನ್ನುವ ಈ ಊರಲ್ಲಿ
ಅದನ್ನು ಯಾರ ಹತ್ತಿರ ಹೇಳಲಿ?
ಕ್ಯಾಂಪಿನಲ್ಲಿ ನನಗೀಗ ‘ಫಾರಿನ್ ರಸೀದಿ’ ಅಂತಾರೆ,
ಸಾಲ ಕೇಳುವಾಗ ಮಾತ್ರ ಅಕ್ಕ.

ಹೆಡ್‌ಮಾಸ್ಟರ ಪೆನ್ನು
ಮಾತೃಭಾಷೆಯ ಗೆರೆಯ ಮೇಲೆ ನಿಂತಿದೆ.
ಪಟ್ಟಿಯಲ್ಲಿ ನಿಮ್ಮದು ಇಲ್ವಲ್ಲಮ್ಮ,
ಕನ್ನಡ ಅಂತ ಬರೀಲಾ?

ಮಗಳು ಅಷ್ಟರಲ್ಲಿ ಕಿಟಕಿ ಹತ್ತಿದ್ದಾಳೆ.
ಹೊರಗೆ ನಲ್ಲಿಯ ಸುತ್ತ ಗದ್ದಲ,
ಬಿಸಿಯೂಟದ ತಟ್ಟೆ ತೊಳೆಯುವ ಹುಡುಗಿಯರು.
ಬಾಯಾರಿತ್ತೇನೋ,
ನೀರು ತೋರಿಸಿ ‘ಓ!’ ಅಂತ ಕೂಗಿದಳು.
ಯಾರನ್ನೋ ಕರೆದಳು ಅಂದುಕೊಂಡು
ಅವರೆಲ್ಲ ಒಟ್ಟಿಗೇ
‘ಓ’ ಅಂತ ಓಗೊಟ್ಟರು.

ಹೋಗಿ ಕುಡಿ, ಅಂದೆ,
ಯಾವ ಮಾತಿನಲ್ಲಿ ಅಂದೆನೋ.
ಅವಳು ಆಗಲೇ ಹೊಸಿಲು ದಾಟಿದ್ದಳು.